ಜಾಹೀರಾತು ರಸ್ತೆಯದ್ದು, ಸಿಟ್ಟು ಗಾಜಾದ್ದು

2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸಂಸದ ಜಮಾಲ್ ಬೋಮನ್ ತಮ್ಮದೇ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಯ್ಕೆಯ ಚುನಾವಣೆಯಲ್ಲಿ ಸೋತರು. ‘ಯುನೈಟೆಡ್ ಡೆಮಾಕ್ರಸಿ ಪ್ರಾಜೆಕ್ಟ್’ ಎಂಬ ಸಂಸ್ಥೆ ಅಲ್ಲಿ ಸುರಿದದ್ದು 1.4 ಕೋಟಿ ಡಾಲರ್‌ಗೂ ಹೆಚ್ಚು. ರೂಪಾಯಿಯಲ್ಲಿ ನೂರು ಕೋಟಿ ದಾಟುತ್ತದೆ. ಅದೂ ಒಂದೇ ಕ್ಷೇತ್ರಕ್ಕೆ! ಆಗಸ್ಟ್‌ನಲ್ಲಿ ಮಿಸೌರಿಯ ಕೋರಿ ಬುಷ್ ಸೋತರು. ಅಲ್ಲಿ ಸುಮಾರು 85 ಲಕ್ಷ ಡಾಲರ್.

ಈ ಸಂಸ್ಥೆ ಇಸ್ರೇಲ್ ಪರ ಲಾಬಿ ಗುಂಪಾದ ‘ಏಪ್ಯಾಕ್’ನ ಚುನಾವಣಾ ಅಂಗ. ಗಾಜಾದಲ್ಲಿ ಕದನವಿರಾಮ ಆಗಲಿ ಎಂದು 2023ರ ಅಕ್ಟೋಬರ್‌ನಲ್ಲೇ ಕೇಳಿದ ಸಂಸದರಲ್ಲಿ ಇವರಿಬ್ಬರೂ ಇದ್ದರು. ಆದರೆ ಜಾಹೀರಾತುಗಳು ಎತ್ತಿ ಆಡಿದ್ದು 2021ರ ಮೂಲಸೌಕರ್ಯ ಮಸೂದೆಗೆ ಇವರು ಹಾಕಿದ ವಿರೋಧ ಮತವನ್ನು. ಸಿಟ್ಟು ಗಾಜಾದ್ದು, ಮಾತು ರಸ್ತೆ, ಸೇತುವೆಯದ್ದು.

ನಮ್ಮ ತಕರಾರು ಇಲ್ಲೇ ಇದೆ. ಇಸ್ರೇಲ್ ಪರ ವಾದಿಸುವುದು ಯಾರದೇ ಹಕ್ಕು. ಯಹೂದಿ ಸಮುದಾಯದ ಮೇಲೆ ಬೆರಳು ತೋರುವವರ ಜೊತೆ ನಾವಿಲ್ಲ. ಬೋಮನ್ ಅವರಿಗೆ ಅವರದೇ ತಪ್ಪುಗಳೂ ಮುಳುವಾದವು, ಒಪ್ಪೋಣ. ಆದರೆ ನಿಜವಾದ ಕಾರಣವನ್ನು ಮತದಾರನ ಮುಂದಿಟ್ಟು ಗೆಲ್ಲುವ ಧೈರ್ಯ ಯಾಕಿಲ್ಲ? ಜಾಹೀರಾತಿನ ಕೊನೆಗೆ ಹಣ ಕೊಟ್ಟವರ ಹೆಸರು ಇರುತ್ತದಲ್ಲ ಎನ್ನುತ್ತಾರೆ. ಆ ಹೆಸರಿನಲ್ಲಿ ಇಸ್ರೇಲ್ ಎಲ್ಲಿದೆ?

ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ 1938ರಿಂದ ಇದೆ. ಏಪ್ಯಾಕ್ ಅದರಡಿ ನೋಂದಾಯಿಸಿಕೊಂಡಿಲ್ಲ. ತನ್ನ ಹಣವೆಲ್ಲ ಅಮೆರಿಕನ್ನರದೇ ಎಂಬುದು ಅದರ ಸಮರ್ಥನೆ. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ಸೋತ ಇಬ್ಬರಿಗಿಂತ ದೊಡ್ಡ ಪಾಠ ಕಲಿತವರು ಗೆದ್ದು ಕೂತಿರುವ ನೂರಾರು ಸಂಸದರು. ಶಸ್ತ್ರಾಸ್ತ್ರ ನೆರವಿನ ಮಸೂದೆ ಬಂದಾಗ ಅವರಿಗೆ ಗಾಜಾದ ಮಗು ಮೊದಲು ನೆನಪಾಗುತ್ತದೋ, ಮುಂದಿನ ಚುನಾವಣೆಯೋ?

ದೂರದ ದೇಶದ ಸುದ್ದಿ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಭಾರತ ಸರ್ಕಾರವೂ ವಾಷಿಂಗ್ಟನ್‌ನಲ್ಲಿ ಹಣ ಕೊಟ್ಟು ಲಾಬಿ ಸಂಸ್ಥೆಗಳನ್ನು ಇಟ್ಟುಕೊಂಡಿದೆ. 2008ರ ಅಣು ಒಪ್ಪಂದಕ್ಕೆ ಅಲ್ಲಿನ ಸಂಸದರನ್ನು ಒಲಿಸಲು ಅನಿವಾಸಿ ಭಾರತೀಯರು ಓಡಾಡಿದಾಗ ನಮ್ಮ ಪತ್ರಿಕೆಗಳು ಹೆಮ್ಮೆಪಟ್ಟವು. ನಮ್ಮವರು ಮಾಡಿದರೆ ರಾಜತಾಂತ್ರಿಕತೆ, ಬೇರೆಯವರು ಮಾಡಿದರೆ ಕುತಂತ್ರ ಎನ್ನುವ ಇಬ್ಬಗೆ ಬೇಡ. ಎಲ್ಲರಿಗೂ ಅಳತೆ ಒಂದೇ ಇರಲಿ: ಯಾರ ಹಣ, ಯಾವ ಕೆಲಸಕ್ಕೆ? ಉತ್ತರ ಮತದಾನಕ್ಕೆ ಮೊದಲೇ ಮತದಾರನಿಗೆ ಸಿಗಬೇಕು.