ನಿಮ್ಮ ಕಾರಿನ ರೆಂಡಿಟ್ಟಾ ಎಷ್ಟು?

"ಎರಡೇ ಸೀಟಂತೆ, ಡಿಕ್ಕೀಲಿ ಒಂದು ಮೂಟೆ ರಾಗೀನೂ ಹಿಡಿಯಲ್ವಂತೆ. ಅದಕ್ಕೆ ಅಷ್ಟು ದುಡ್ಡು ಕೊಡೋನಿಗೆ ತಲೆ ಕೆಟ್ಟಿರ್ಬೇಕು!" ಸ್ಪೋರ್ಟ್ಸ್ ಕಾರಿನ ಮಾತು ಬಂದರೆ ನಮ್ಮ ಕಡೆ ಒಂದೇ ನಿಮಿಷದಲ್ಲಿ ಸಿಗುವ ತೀರ್ಪು ಇದು. ತೀರ್ಪು ಕೊಡುವವರು ಯಾರು ಅಂತ ಸ್ವಲ್ಪ ನೋಡಿ. ಏಳು ಸೀಟಿನ ಎಸ್‌ಯುವಿಯಲ್ಲಿ ಒಬ್ಬರೇ ಕೂತು ದಿನಾ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಲ್ಲುವ ನಮ್ಮ ಐಟಿ ಮಂದಿ. ಲೇಔಟಿನವನಿಗೆ ಜಮೀನು ಕೊಟ್ಟು, ಬಂದ ದುಡ್ಡಲ್ಲಿ ಊರಿಗೇ ದೊಡ್ಡ ಗಾಡಿ ತಂದು ಅಶ್ವತ್ಥಕಟ್ಟೆ ಪಕ್ಕ ನಿಲ್ಲಿಸಿರುವ ಅಣ್ಣಂದಿರು. ಇವರ ಪ್ರಕಾರ ಎರಡು ಸೀಟಿನ ಕಾರು ಶೋಕಿ, ಖಾಲಿ ಓಡುವ ಏಳು ಸೀಟು ಅವಶ್ಯಕತೆ. ಇದ್ಯಾವ ಲೆಕ್ಕ ಸ್ವಾಮಿ?

ನನ್ನ ವಾದ ನೇರವಾಗಿ ಹೇಳಿಬಿಡ್ತೀನಿ. ಹಗುರವಾದ, ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ, ಸಂಬಳದವನ ಕೈಗೆ ಎಟುಕುವ ಬೆಲೆಯ ಸ್ಪೋರ್ಟ್ಸ್ ಕಾರು ಕೊಟ್ಟ ದುಡ್ಡಿಗೆ ಮೋಸ ಮಾಡದ ವಸ್ತು. ಅದು ನಮಗೆ ಸಿಗುತ್ತಿಲ್ಲ ಅಂದರೆ ಕಾರಣ, ಸರ್ಕಾರವೂ ನಾವೂ ಸೇರಿ ಕಾರನ್ನ ತೂಕಕ್ಕೆ ಹಾಕದೆ ಗಾತ್ರಕ್ಕೆ ಮರುಳಾಗಿರೋದು.

ಶಿಡ್ಲಘಟ್ಟದವರಿಗೆ ಇದನ್ನ ಹೇಳೋದು ಸುಲಭ. ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಗೂಡಿನ ರಾಶಿಯ ಎತ್ತರ ನೋಡಿ ದುಡ್ಡು ಕೊಡಲ್ಲ. ಅವನ ತಲೆಯಲ್ಲಿ ಓಡುವ ಲೆಕ್ಕ ರೆಂಡಿಟ್ಟಾ: ಒಂದು ಕೆಜಿ ರೇಷ್ಮೆ ನೂಲು ತೆಗೆಯೋಕೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು. ಒಳ್ಳೆ ಬೈವೋಲ್ಟೈನ್ ಗೂಡಾದರೆ ಆರು, ಆರೂವರೆ. ಸಿಬಿ ಗೂಡಾದರೆ ಏಳು, ಎಂಟು. ಕಡಿಮೆ ಇದ್ದಷ್ಟೂ ಗೂಡಿಗೆ ಬೆಲೆ. ರಾಶಿ ದೊಡ್ಡದಿದ್ದು ನೂಲು ಬರದಿದ್ದರೆ ಅದನ್ನ ಕೇಳೋರಿಲ್ಲ.

ಇದೇ ಲೆಕ್ಕ ಕಾರಿಗೆ ಹಾಕಿ. ಓಡಿಸುವ ಮನುಷ್ಯ 70 ಕೆಜಿ ಅಂದುಕೊಳ್ಳಿ. ಅವನೊಬ್ಬನನ್ನ ಸಾಗಿಸಲು ಎಷ್ಟು ಕೆಜಿ ಗಾಡಿ ಬೇಕು? ಒಂದೂಮುಕ್ಕಾಲು ಟನ್ನಿನ ಎಸ್‌ಯುವಿಗೆ ರೆಂಡಿಟ್ಟಾ 25. ಸುಮಾರು 1,050 ಕೆಜಿಯ ಮಜ್ದಾ ಎಂಎಕ್ಸ್-5ಗೆ 15. ಮುಕ್ಕಾಲು ಟನ್ನಿನ ಆಲ್ಟೋಗೆ ಹತ್ತಿರ ಹತ್ತಿರ 11. ನೂರು ಕೆಜಿಯ ಆಸುಪಾಸಿನ ಯಮಹಾ ಆರ್‌ಎಕ್ಸ್ 100ಗೆ ಒಂದೂವರೆ! 98 ಸಿಸಿ, 11 ಹಾರ್ಸ್‌ಪವರ್‌ನ ಆ ಬೈಕು 1996ರಲ್ಲೇ ನಿಂತುಹೋಯಿತು. ಆದರೂ ಇವತ್ತಿಗೂ ನಮ್ಮ ಹುಡುಗರು ಚೆನ್ನಾಗಿ ರೆಡಿ ಮಾಡಿಸಿದ ಒಂದು ಹಳೇ ಆರ್‌ಎಕ್ಸ್‌ಗೆ ಲಕ್ಷದ ಮೇಲೆ ಕೊಡ್ತಾರೆ. ಯಾಕೆ? ಅದಕ್ಕಿಂತ ವೇಗದ ಬೈಕು ಬೇಕಾದಷ್ಟಿವೆ. ಆದರೆ ಕೈ ತಿರುಗಿಸಿದ ತಕ್ಷಣ ಮಾತು ಕೇಳುವ ಹಗುರ ಗಾಡಿಯ ಖುಷಿ ಅವುಗಳಲ್ಲಿ ಇಲ್ಲ. ಅಂದರೆ ಹಗುರಕ್ಕೆ ಬೆಲೆ ಇದೆ ಅಂತ ಊರಿನ ಹುಡುಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಎರಡು ಚಕ್ರದಿಂದ ನಾಲ್ಕು ಚಕ್ರಕ್ಕೆ ಹತ್ತಿದ ಕೂಡಲೇ ಅದು ಮರೆತುಹೋಗುತ್ತೆ, ಅಷ್ಟೇ.

ಈಗ ಹಿಂದಿನ ಚಕ್ರದ ವಿಷಯ. ಎತ್ತಿನ ಗಾಡಿಯನ್ನ ಮುಂದಿನಿಂದ ಎಳೀತೀವಿ, ಟ್ರ್ಯಾಕ್ಟರನ್ನ ಹಿಂದಿನ ದೊಡ್ಡ ಚಕ್ರ ತಳ್ಳುತ್ತೆ. ನಾವು ಓಡಿಸುವ ಬಹುತೇಕ ಸಣ್ಣ ಕಾರುಗಳು ಎತ್ತಿನ ಗಾಡಿಯ ಜಾತಿ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮುಂದೆ ಒಂದೇ ಗಂಟಿನಲ್ಲಿ ಕೂರುತ್ತೆ, ಒಳಗೆ ಜಾಗ ಜಾಸ್ತಿ, ಖರ್ಚು ಕಡಿಮೆ. ಸಂಸಾರದ ಕಾರಿಗೆ ಅದೇ ಸರಿ, ತಕರಾರಿಲ್ಲ. ಆದರೆ ಅಲ್ಲಿ ಮುಂದಿನ ಚಕ್ರಗಳಿಗೆ ಡಬಲ್ ಡ್ಯೂಟಿ: ತಿರುಗಿಸೋದೂ ಅವೇ, ಎಳೆಯೋದೂ ಅವೇ. ಹಿಂಚಕ್ರದ ಕಾರಿನಲ್ಲಿ ಕೆಲಸ ಹಂಚಿಹೋಗುತ್ತೆ. ಮುಂದಿನವು ದಾರಿ ತೋರಿಸ್ತವೆ, ಹಿಂದಿನವು ತಳ್ಳುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಗಾಡಿಯ ಭಾರ ಹಿಂದಕ್ಕೆ ವಾಲಿ, ತಳ್ಳುವ ಚಕ್ರಕ್ಕೇ ಹಿಡಿತ ಹೆಚ್ಚಾಗುತ್ತೆ. ಸ್ಟೇರಿಂಗ್ ಕೈಗೆ ಸ್ವಚ್ಛವಾಗಿ ಸಿಗುತ್ತೆ.

ಇದರಲ್ಲಿ ಮುಖ್ಯವಾದ್ದೊಂದಿದೆ. ಹಗುರ ಕಾರಿನ ಖುಷಿ 50-60 ಕಿಲೋಮೀಟರ್ ವೇಗದಲ್ಲೇ ಸಿಗುತ್ತೆ. ನಂದಿ ಬೆಟ್ಟದ ಹೇರ್‌ಪಿನ್ ತಿರುವಲ್ಲೋ, ದಿಬ್ಬೂರಹಳ್ಳಿ ಕಡೆಯ ಏರಿಳಿತದಲ್ಲೋ, ಕಾನೂನು ಮುರಿಯದೆ. ಭಾರದ ಗಾಡಿಯಲ್ಲಿ ಅದೇ ಖುಷಿ ಬೇಕು ಅಂದರೆ ಏರ್‌ಪೋರ್ಟ್ ರಸ್ತೆಯಲ್ಲಿ 140 ಹೊಡೀಬೇಕು. ಹಾಗೆ ಹೊಡೆಯೋರನ್ನ ದಿನಾ ನೋಡ್ತಾನೇ ಇದೀವಿ. ಇದರಲ್ಲಿ ಶೋಕಿ ಯಾವುದು, ನೀವೇ ಹೇಳಿ.

ಸರಿ, ಹಾಗಾದ್ರೆ ಎಂಎಕ್ಸ್-5 ತಗೊಂಡ್ಬಿಡೋಣ್ವಾ? 1989ರಲ್ಲಿ ಬಂದ ಈ ಕಾರು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದೇ. ಅಮೆರಿಕದಲ್ಲಿ ಬೆಲೆ ಸುಮಾರು 30 ಸಾವಿರ ಡಾಲರಿಂದ ಶುರು. ಅಲ್ಲಿ ನರ್ಸು, ಮೇಷ್ಟ್ರು ಮನಸ್ಸು ಮಾಡಿದರೆ ಕೊಳ್ಳಬಹುದಾದ ಬೆಲೆ. ಮಜ್ದಾ ಕಂಪನಿ ನಮ್ಮ ದೇಶದಲ್ಲಿ ಅಂಗಡಿಯನ್ನೇ ಇಟ್ಟಿಲ್ಲ. ಹಾಗಂತ ಹೊರಗಿನಿಂದ ತರಿಸಿದರೆ ಏನಾಗುತ್ತೆ ನೋಡಿ. 100 ರೂಪಾಯಿ ಕಾರಿಗೆ 70 ರೂಪಾಯಿ ಆಮದು ಸುಂಕ, ಆಯ್ತು 170. ಅದರ ಮೇಲೆ 2025ರ ಸೆಪ್ಟೆಂಬರ್‌ನಿಂದ ಬಂದ 40 ಪರ್ಸೆಂಟ್ ಜಿಎಸ್‌ಟಿ, 238. ಅದರ ಮೇಲೆ 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದ 18 ಪರ್ಸೆಂಟ್ ಜೀವಾವಧಿ ತೆರಿಗೆ, 281. ಹಡಗಿನ ಬಾಡಿಗೆ, ಇನ್ಶೂರೆನ್ಸು ಇನ್ನೂ ಬಾಕಿ. 25 ಲಕ್ಷದ ಕಾರು ನಮ್ಮ ಮನೆ ಮುಂದೆ ನಿಲ್ಲುವಾಗ 70 ಲಕ್ಷ. ಈ ಬೆಲೆಗೆ ಅದು ಖಂಡಿತ ಬೇಡ. 100 ರೂಪಾಯಿಗೆ ಪೂರ್ತಿ ಯೋಗ್ಯ, 281ಕ್ಕೆ ಮೂರ್ಖತನ. ಕಾರು ಎರಡೂ ಕಡೆ ಅದೇ.

ಇಲ್ಲಿಗೆ ನಿಲ್ಲಿಸಿ ಸರ್ಕಾರವನ್ನ ಬೈದು ಮುಗಿಸಬಹುದು. ಚಪ್ಪಾಳೆನೂ ಬೀಳುತ್ತೆ. ಆದರೆ ಅದು ಅರ್ಧ ಸತ್ಯ. ಅದೇ ತೆರಿಗೆ ಕಾನೂನು ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಉದ್ದ ನಾಲ್ಕು ಮೀಟರಿನ ಒಳಗಿದ್ದು, ಪೆಟ್ರೋಲ್ ಎಂಜಿನ್ 1,200 ಸಿಸಿ ಅಥವಾ ಡೀಸೆಲ್ 1,500 ಸಿಸಿ ಮೀರದಿದ್ದರೆ ಜಿಎಸ್‌ಟಿ ಬರೀ 18 ಪರ್ಸೆಂಟ್. 2023ರ ಜನವರಿಯಲ್ಲಿ 9.99 ಲಕ್ಷಕ್ಕೆ ಶುರುವಾದ ಹಿಂಚಕ್ರದ ಥಾರ್‌ನಲ್ಲಿ 1,500 ಸಿಸಿ ಡೀಸೆಲ್ ಎಂಜಿನ್ ಯಾಕಿದೆ ಅಂದುಕೊಂಡ್ರಿ? ಇದೇ ಗೆರೆಯ ಒಳಗೆ ಕೂರೋಕೆ. ಒಂದೂವರೆ ಟನ್ನು ಮೀರಿದ ಥಾರ್ ಕಾನೂನಿನ ಪ್ರಕಾರ 'ಸಣ್ಣ ಕಾರು'. ಟೇಪು ಹಿಡಿದು ಉದ್ದ ಅಳೆದರು, ಸಿಸಿ ಎಣಿಸಿದರು, ತಕ್ಕಡಿ ಮಾತ್ರ ಯಾರೂ ತರಲಿಲ್ಲ.

ಇದೇ ಗೆರೆಯ ಒಳಗೆ ಒಂದು ಹಗುರ ಸ್ಪೋರ್ಟ್ಸ್ ಕಾರು ಯಾಕೆ ಕೂರಬಾರದು? ಸಾಮಾನು ಆಗಲೇ ಇದೆ. ಸೊಪ್ಪು, ಗೂಡು, ಮದುವೆ ದಿಬ್ಬಣ ಎಲ್ಲ ಹೊತ್ತು ಓಡುವ ಮಾರುತಿ ಈಕೋ ನೋಡಿ. 1,197 ಸಿಸಿ, ಸುಮಾರು 80 ಹಾರ್ಸ್‌ಪವರ್, ಎಂಜಿನ್ ಮುಂದಿನ ಸೀಟಿನ ಕೆಳಗೆ, ತಳ್ಳೋದು ಹಿಂಚಕ್ರ. ಆರು ಲಕ್ಷದ ಆಸುಪಾಸಿನಲ್ಲಿ ಪೂರ್ತಿ ಗಾಡಿಯೇ ಸಿಗುತ್ತೆ. ಅದೇ ಕಂಪನಿ ಆಲ್ಟೋವನ್ನ ಮುಕ್ಕಾಲು ಟನ್ನಿನಲ್ಲಿ ಕಟ್ಟುತ್ತೆ. ಈಕೋದ ಎಂಜಿನ್ನು, ಆಲ್ಟೋದ ತೂಕ ಸೇರಿಸಿ: ಟನ್ನಿಗೆ ನೂರು ಹಾರ್ಸ್‌ಪವರ್ ಮೇಲೆ. 1989ರ ಮೊದಲ ಎಂಎಕ್ಸ್-5 ಇದ್ದದ್ದು ಟನ್ನಿಗೆ ಸುಮಾರು 120ರಲ್ಲಿ. ತೀರಾ ದೂರ ಏನಿಲ್ಲ. ಚಾಸಿ ಹೊಸದಾಗಿ ಮಾಡಬೇಕು, ಕ್ರ್ಯಾಶ್ ಟೆಸ್ಟ್ ಪಾಸಾಗಬೇಕು, ಇದೆಲ್ಲ ಪುಕ್ಕಟೆ ಆಗಲ್ಲ ಅಂತ ಗೊತ್ತು. ಆದರೂ ಹತ್ತು ಲಕ್ಷದ ಒಳಗೆ ಇದು ಆಗಬಹುದಾದ ಕೆಲಸ. ಯಾರೂ ಮಾಡ್ತಿಲ್ಲ, ಯಾಕಂದ್ರೆ ನಾವು ಕೊಳ್ಳಲ್ಲ ಅಂತ ಅವರಿಗೆ ಗೊತ್ತಿದೆ.

ಕೊಳ್ಳಲಿಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಾ? ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಅಂತ ಒಂದು ಕಾರು ಮಾಡ್ತಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಮಾದರಿ. ಫೈಬರ್‌ಗ್ಲಾಸ್ ಮೈ, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಎರಡು ಬಾಗಿಲು, ಹಿಂಚಕ್ರದ ಓಟ. ಮದ್ರಾಸಿನ ಹತ್ತಿರದ ಶೋಳಾವರಂ ರೇಸುಗಳಲ್ಲಿ ಅದು ಹೆಸರು ಮಾಡಿದ್ದು ಹಗುರ ಅನ್ನೋ ಕಾರಣಕ್ಕೇ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಉಕ್ಕಿನ ಮೈ, ನಾಲ್ಕು ಬಾಗಿಲು, ಊರೂರಿಗೆ ಸರ್ವಿಸ್. ಸಂಸಾರಸ್ಥರು ಅತ್ತ ಹೋದದ್ದು ನ್ಯಾಯವೇ. ನನ್ನ ತಕರಾರು ಬೇರೆ: ಆಮೇಲೆ ನಲವತ್ತು ವರ್ಷ ಕಳೆದರೂ ಕಾರುಗಳ ಕಾರ್ಖಾನೆಯೂ ಲಕ್ಷಾಂತರ ಇಂಜಿನಿಯರುಗಳೂ ಇರುವ ಈ ನಾಡಿನಲ್ಲಿ ಇನ್ನೊಂದು ಡಾಲ್ಫಿನ್ ಹುಟ್ಟಲಿಲ್ಲ.

ನ್ಯಾನೋ ಕಥೆಯಂತೂ ಇನ್ನೂ ಬೇಜಾರು. 2009ರಲ್ಲಿ ರಸ್ತೆಗಿಳಿದ ಅದು 600 ಕೆಜಿ ತೂಕದ, ಹಿಂದೆ ಎಂಜಿನ್, ಹಿಂಚಕ್ರದ ಗಾಡಿ. ಕೆಲವು ಗಾಡಿಗೆ ಬೆಂಕಿ ಹತ್ತಿದ್ದು ನಿಜ, ಹೆದರಿದ್ದು ತಪ್ಪಲ್ಲ. ಆದರೆ ಊರಲ್ಲಿ ಅದನ್ನ ಬೇಡ ಅಂದವರು ಬೆಂಕಿಯ ಮಾತು ಆಡಿದ್ದು ಕಡಿಮೆ, "ಲಕ್ಷ ರೂಪಾಯಿ ಕಾರಲ್ಲಿ ಬೀಗರ ಮನೆಗೆ ಹೋಗೋದಾ?" ಅಂದದ್ದೇ ಜಾಸ್ತಿ. 2018ರಲ್ಲಿ ನ್ಯಾನೋ ನಿಂತುಹೋಯಿತು. ಅಗ್ಗದ ಕಾರು ಅಂತ ಹಗುರವನ್ನ ಬೈದದ್ದು ನಾವೇ, ಎರಡು ಸೀಟು ಅಂತ ಹಗುರವನ್ನ ಬೈಯೋದೂ ನಾವೇ.

"ಹಗುರ ಕಾರು ಅಪಾಯ ಅಲ್ವಾ?" ಅಂತೀರಿ. ಒಳಗಿರೋನನ್ನ ಉಳಿಸೋದು ಕಟ್ಟುವ ರೀತಿ, ಏರ್‌ಬ್ಯಾಗು. ಹಳೇ ಡಾಲ್ಫಿನ್ ಇವತ್ತಿನ ಪರೀಕ್ಷೆ ದಾಟಲ್ಲ, ಒಪ್ಪಿದೆ. ಆದರೆ ಎಂಎಕ್ಸ್-5 ಒಂದು ಟನ್ನಿನ ಸುತ್ತಮುತ್ತಲೇ ಇದ್ದುಕೊಂಡು 2015ರಲ್ಲಿ ಯೂರೋ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್ ತಗೊಂಡಿದೆ. ಇನ್ನೊಂದು ಮಾತು: ಭಾರದ ಗಾಡಿ ಒಳಗಿರೋನಿಗೆ ಕೋಟೆ ಇರಬಹುದು, ಎದುರಿಗೆ ಬರೋನಿಗೆ? ವಿಜಯಪುರ ರಸ್ತೆಯಲ್ಲಿ ಎದುರಿಗೆ ಬರೋದು ಸೊಪ್ಪಿನ ಹೊರೆ ಹೇರಿಕೊಂಡ ಟಿವಿಎಸ್ ಎಕ್ಸ್‌ಎಲ್. ಅದೇ ವೇಗದಲ್ಲಿ ತೂಕ ಎರಡು ಪಟ್ಟಾದರೆ ಗುದ್ದುವ ಶಕ್ತಿಯೂ ಎರಡು ಪಟ್ಟು. ಪಿಯುಸಿ ಫಿಸಿಕ್ಸ್ ಇದು, ಬಿಇ ಬೇಕಿಲ್ಲ.

"ನಮ್ಮ ರಸ್ತೆಯ ಹಂಪಿಗೆ ಹೊಟ್ಟೆ ತಾಗುತ್ತೆ" ಅಂತೀರಿ. ಜಪಾನಿನ ರಸ್ತೆಗೆ ಮಾಡಿದ್ದು ತಾಗುತ್ತೆ. ಇಲ್ಲೇ ಮಾಡಿದರೆ ಆಲ್ಟೋ ಎತ್ತರಕ್ಕೆ ಮಾಡಬಹುದು. "ಎಂತ ಇಸ್ತುಂದಿ?" ಅಂತ ನಮ್ಮ ಕಡೆಯವರ ಕೊನೇ ಅಸ್ತ್ರ ಒಂದಿದೆ, ಲೀಟರಿಗೆ ಎಷ್ಟು ಕೊಡುತ್ತೆ ಅಂತ. ಹಗುರ ಗಾಡಿ ಜಾಸ್ತಿನೇ ಕೊಡುತ್ತೆ ಅಣ್ಣಾ. ಟೈರು, ಬ್ರೇಕೂ ಕಡಿಮೆ ಸವೆಯುತ್ತೆ. ಸಂಸಾರದ ಪ್ರಶ್ನೆಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ಮನೆಗೆ ಒಂದೇ ಕಾರು, ಅದರಲ್ಲೇ ಅಪ್ಪ, ಅಮ್ಮ, ಮಕ್ಕಳು ಹೋಗಬೇಕು ಅಂದರೆ ಎರಡು ಸೀಟು ಆಗಲ್ಲ. ನಾಲ್ಕು ಸೀಟಿನ ಹಗುರ ಕಾರು ತಗೊಳ್ಳಿ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಇದು ಬರೀ ಕಾರಿನ ಹುಚ್ಚಿನ ಮಾತಲ್ಲ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದಮೇಲೆ ನಮ್ಮ ಸುತ್ತಿನ ಜಮೀನಿನ ರೇಟು ಏರಿದ್ದು, ಹಿಪ್ಪುನೇರಳೆ ತೋಟ ಸೈಟಾದದ್ದು ಎಲ್ಲರಿಗೂ ಗೊತ್ತು. ಬಂದ ದುಡ್ಡಿನ ಎಷ್ಟೋ ಪಾಲು ಭಾರದ ಗಾಡಿಯಾಗಿ ನಿಂತಿದೆ. ತೋಟ ಇದ್ದಾಗ ತಿಂಗಳೊಪ್ಪತ್ತಿಗೆ ಒಂದು ಬೆಳೆ. ಈಗ ತಿಂಗಳಿಗೊಂದು ಇಎಂಐ. ಹುಳಕ್ಕೆ ಸುಣ್ಣಕಟ್ಟು ಬಂತು ಅಂತ ರೇಷ್ಮೆಯವನು ಅತ್ತರೂ ಇಎಂಐ ಕಾಯಲ್ಲ. ಶೋರೂಮಿಂದ ಹೊರಬಿದ್ದ ದಿನದಿಂದ ಕಾರಿನ ಬೆಲೆ ಇಳೀತಾ ಹೋಗುತ್ತೆ, ಮಾರಿದ ಜಮೀನಿನ ಬೆಲೆ ಏರ್ತಾ ಹೋಗುತ್ತೆ. ಆ ಗಾಡಿಗೆ ಕೊಟ್ಟ ದುಡ್ಡಲ್ಲಿ ಓಡಾಟಕ್ಕೆ ಎಷ್ಟು, ಖುಷಿಗೆ ಎಷ್ಟು, ನೋಡೋರ ಕಣ್ಣಿಗೆ ಎಷ್ಟು ಅಂತ ಬಿಡಿಸಿ ಬರೆದರೆ ಮೂರನೇದೇ ದೊಡ್ಡದು. ಹಗುರ ಕಾರಿನಲ್ಲಿ ಆ ಮೂರನೇ ಬಾಬ್ತೇ ಇಲ್ಲ. ಅದಕ್ಕೇ ಅದು ಅಗ್ಗ, ಅದಕ್ಕೇ ಊರಿಗೆ ಅದು ಅರ್ಥವಾಗಲ್ಲ.

ಆದ್ದರಿಂದ ನನ್ನ ಬೇಡಿಕೆ ಮೂರು. ಸರ್ಕಾರ ಟೇಪಿನ ಜೊತೆ ತಕ್ಕಡಿಯನ್ನೂ ತರಲಿ, ತೂಕ ಹೆಚ್ಚಿದಷ್ಟೂ ತೆರಿಗೆ ಹೆಚ್ಚಲಿ. ಕಂಪನಿಗಳು ಹತ್ತು ಲಕ್ಷದ ಒಳಗೆ, 800 ಕೆಜಿ ಮೀರದ, ಹಿಂಚಕ್ರದ ಎರಡು ಸೀಟಿನ ಕಾರು ಒಂದನ್ನ ಧೈರ್ಯ ಮಾಡಿ ತರಲಿ. ಬಂದರೆ ಸಂಬಳದ ದುಡ್ಡು ಉಳಿಸಿ ತಗೊಳ್ಳಿ, ಕಣ್ಣುಮುಚ್ಚಿ ಹೇಳ್ತೀನಿ, ಕೊಟ್ಟ ದುಡ್ಡಿಗೆ ಲುಕ್ಸಾನಿಲ್ಲ. ಮೂರನೇದು ನಮ್ಮ ಕಡೆಯವರಿಗೆ: ಜಮೀನು ಮಾರಿ ಮಾತ್ರ ಯಾವ ಕಾರೂ ಬೇಡ, ಹಗುರದ್ದೂ ಬೇಡ, ಭಾರದ್ದೂ ಬೇಡ. ಮುಂದಿನ ಸಲ ಯಾರಾದರೂ ಹೊಸ ಗಾಡಿ ತೋರಿಸಿದರೆ "ಎಷ್ಟು ಕೊಡುತ್ತೆ" ಅಂತ ಕೇಳುವ ಮುಂಚೆ ರೆಂಡಿಟ್ಟಾ ಎಷ್ಟು ಅಂತ ಕೇಳಿ. ಗೂಡು ಕೊಳ್ಳುವಾಗ ಇರುವ ಬುದ್ಧಿ ಕಾರು ಕೊಳ್ಳುವಾಗಲೂ ಇರಲಿ.