ಮಿದುಳಿನ ಪ್ರೋಟೀನೂ ಫ್ಯಾಟಿ ಲಿವರೂ: ನಮ್ಮ ಹಕ್ಕೊತ್ತಾಯಗಳು

ಇವರಿಗೆ: ಮಾನ್ಯ ಆರೋಗ್ಯ ಸಚಿವರು, ಕರ್ನಾಟಕ ಸರ್ಕಾರ
ಇವರಿಂದ: ಫ್ಯಾಟಿ ಲಿವರ್ ಇರುವವರು ಮತ್ತು ಅವರ ಮನೆಮಂದಿ



ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು 1982ರಲ್ಲಿ ಬಾರ್ಡ್ ಮತ್ತು ಥೋನೆನ್ ಎಂಬ ವಿಜ್ಞಾನಿಗಳು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ನರಕೋಶ ಬದುಕಿ ಬೆಳೆಯಲು ಬೇಕಾದ ಇದು ಹಸಿವಿಗೂ ಕಡಿವಾಣ ಹಾಕುತ್ತದೆ. ಇದರ ಎರಡು ಜೀನ್ ಪ್ರತಿಗಳಲ್ಲಿ ಒಂದಿಲ್ಲದ ಇಲಿಗಳು ಮಿತಿಮೀರಿ ತಿಂದು ಕೊಬ್ಬುತ್ತವೆ. ಮೈ ಕೊಬ್ಬಿದರೆ ಲಿವರ್‌ಗೂ ಕೊಬ್ಬು ಸೇರುವುದು ಗೊತ್ತಿರುವುದೇ. ನಂಟಿದೆ, ಸರಿ. ಆ ನಂಟಿನ ಹೆಸರಲ್ಲಿ ನಮ್ಮ ಜೇಬಿಗೆ ಕತ್ತರಿ ಬೀಳುವುದು ಬೇಡ. ಆದ್ದರಿಂದ ಒತ್ತಾಯಿಸುತ್ತೇವೆ:

1. ಫ್ಯಾಟಿ ಲಿವರ್ ಪತ್ತೆಗೆಂದು ಬಿಡಿಎನ್‌ಎಫ್ ಪರೀಕ್ಷೆ ಮಾರಲು ಯಾವ ಲ್ಯಾಬಿಗೂ ಬಿಡಬಾರದು. ರಕ್ತದಲ್ಲಿರುವ ಈ ಪ್ರೋಟೀನಿನ ಬಹುಪಾಲು ಪ್ಲೇಟ್‌ಲೆಟ್‌ಗಳೊಳಗೆ ಕೂತಿರುತ್ತದೆ, ರಕ್ತ ಹೆಪ್ಪುಗಟ್ಟುವಾಗ ಹೊರಬೀಳುತ್ತದೆ. ಹಾಗಾಗಿ ಒಬ್ಬರದೇ ರಕ್ತ ಹೆಪ್ಪುಗಟ್ಟಿದ ಮೇಲೆ ಸಿಗುವ ಸೀರಂನಲ್ಲಿ ಒಂದು ಅಂಕಿ, ಹೆಪ್ಪುಗಟ್ಟಲು ಬಿಡದೆ ತೆಗೆದ ಪ್ಲಾಸ್ಮಾದಲ್ಲಿ ಅದಕ್ಕಿಂತ ತೀರಾ ಕಡಿಮೆ. ಇನ್ನೂ ಒಂದು ತೊಡಕಿದೆ. ಲಿವರ್ ಕೆಟ್ಟು ಸಿರೋಸಿಸ್ ಆದವರಲ್ಲಿ ಗುಲ್ಮ ಊದಿ ಪ್ಲೇಟ್‌ಲೆಟ್ ಇಳಿಯುತ್ತದೆ, ಅದರೊಂದಿಗೆ ಸೀರಂ ಬಿಡಿಎನ್‌ಎಫ್ ಕೂಡ ಇಳಿಯಬಹುದು. ಆಗ ‘ನಿಮ್ಮ ಮಿದುಳಿನ ಪ್ರೋಟೀನ್ ಕಮ್ಮಿಯಾಗಿದೆ’ ಎಂದು ಹೆದರಿಸಿದರೆ ರೋಗಿ ಯಾರನ್ನು ಕೇಳಬೇಕು? ಇಳಿದದ್ದು ಪ್ಲೇಟ್‌ಲೆಟ್ಟೋ ಪ್ರೋಟೀನೋ ಎಂಬುದು ರಿಪೋರ್ಟಿನಲ್ಲಿ ಇರುವುದಿಲ್ಲ.

2. ಅದರ ಬದಲು ಲಿವರ್ ನಾರುಗಟ್ಟಿರುವ ಅಪಾಯ ಅಂದಾಜಿಸುವ ಫಿಬ್-4 ಅಂಕಿಯನ್ನು ಪ್ರತಿ ಸರ್ಕಾರಿ ಲ್ಯಾಬಿನ ರಿಪೋರ್ಟಿನಲ್ಲೇ ಅಚ್ಚು ಹಾಕಿ. ಹೊಸ ಯಂತ್ರ ಬೇಡ. ವಯಸ್ಸು, ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಇಷ್ಟೇ ಸಾಕು. 50 ವರ್ಷದವರ ಎಎಸ್‌ಟಿ 48, ಎಎಲ್‌ಟಿ 64, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ ಅಂಕಿ 1.5. ಈ ವಯಸ್ಸಿನಲ್ಲಿ 1.3 ದಾಟಿದರೆ ಮುಂದಿನ ತಪಾಸಣೆ ಬೇಕು. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿದೆ. ಈ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಲು ಇನ್ನೆಷ್ಟು ವರ್ಷ ಬೇಕು?

3. ಸ್ಕ್ಯಾನಿನಲ್ಲಿ ಕೊಬ್ಬು ಕಂಡ ಕೂಡಲೇ ‘ಎಷ್ಟು ಕುಡೀತೀರಿ?’ ಎಂದು ಹೆಂಡತಿ ಮಕ್ಕಳೆದುರು ಗದರುವುದು ನಿಲ್ಲಲಿ. ಕುಡಿತದ ಬಗ್ಗೆ ಕೇಳಲೇಬೇಕು, ಕೇಳುವ ರೀತಿಯೊಂದಿದೆ. ಹನಿ ಮುಟ್ಟದವರಿಗೂ, ನೋಡಲು ತೆಳ್ಳಗಿರುವವರಿಗೂ ಈ ಕಾಯಿಲೆ ಬರುತ್ತದೆ. ಹಾಗಾಗಿ ಮನೆಮನೆಗೆ ಬರುವ ಗೃಹ ಆರೋಗ್ಯ ತಂಡ ಬಿಪಿ, ಶುಗರ್ ಜೊತೆ ಸೊಂಟದ ಸುತ್ತಳತೆಯನ್ನೂ ಬರೆದುಕೊಳ್ಳಲಿ.

4. ‘ಬಿಡಿಎನ್‌ಎಫ್ ಹೆಚ್ಚಿಸಿ, ಲಿವರ್ ಶುದ್ಧಿ ಮಾಡಿ’ ಎಂಬ ಧಾಟಿಯ ಕ್ಯಾಪ್ಸೂಲ್ ಜಾಹೀರಾತುಗಳಿಗೆ ದಂಡ ಹಾಕಿ.

5. ನಡೆಯಲು ಜಾಗ ಕೊಡಿ. ವ್ಯಾಯಾಮದಿಂದ ಬಿಡಿಎನ್‌ಎಫ್ ಏರುತ್ತದೆ. ತೂಕ ಅಷ್ಟಾಗಿ ಇಳಿಯದಿದ್ದರೂ ಲಿವರಿನ ಕೊಬ್ಬು ಕರಗುತ್ತದೆ. ತೂಕ ಶೇ 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. ಡಾಕ್ಟರು ‘ವಾಕ್ ಮಾಡಿ’ ಎನ್ನುತ್ತಾರೆ. ಚಪ್ಪಡಿ ಕಿತ್ತ ಫುಟ್‌ಪಾತಿನ ಮೇಲೆ ಬೈಕು ನಿಂತಿರುತ್ತದೆ, ಕೆಲವೆಡೆ ಪಾರ್ಕಿನ ಗೇಟಿಗೆ ಹಗಲೆಲ್ಲ ಬೀಗ. ಇದು ನಿಮ್ಮ ಇಲಾಖೆಗೆ ಬರುವುದಿಲ್ಲ ಎಂಬ ಉತ್ತರ ಬೇಡ, ಬರುವ ಇಲಾಖೆಗೆ ನೀವೇ ಬರೆಯಿರಿ.

6. ಬಿಡಿಎನ್‌ಎಫ್ ಬಗ್ಗೆ ಸಂಶೋಧನೆ ಬೇಡವೆನ್ನುತ್ತಿಲ್ಲ, ಬೇಕು. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನಡೆಯಲಿ. ಪ್ಲೇಟ್‌ಲೆಟ್, ಮಧುಮೇಹ, ಖಿನ್ನತೆ, ರಕ್ತ ತೆಗೆದ ಹೊತ್ತು ಎಲ್ಲವೂ ದಾಖಲಾಗಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ರಕ್ತ ಕೊಟ್ಟವರಿಗೆ ಫಲಿತಾಂಶವೂ ಕನ್ನಡದಲ್ಲೇ ತಲುಪಲಿ.