ಎರಡು ರೂಪಾಯಿಯ ನೆನಪು

ಪರೇಲ್ ನಿಲ್ದಾಣದ ಹೊರಗೆ ಬಾಳೆಹಣ್ಣು ಮಾರುವಾಕೆ ಮೊನ್ನೆ ಕೊಟ್ಟ ಚಿಲ್ಲರೆಯಲ್ಲಿ ಸವೆದ ಎರಡು ರೂಪಾಯಿಯ ನಾಣ್ಯವೊಂದಿತ್ತು. ಭಾರತೀಯ ವಾಯುಪಡೆಯ ಎಪ್ಪತ್ತೈದನೆಯ ವರ್ಷದ ಸ್ಮರಣಾರ್ಥ 2007ರಲ್ಲಿ ಹೊರಬಂದದ್ದು. ಆಕೆಗೆ ಅದು ಎರಡು ರೂಪಾಯಿ, ಅಷ್ಟೆ. ಕೇಂದ್ರ ಸರಕಾರದ ಕಡತಗಳ ನಡುವೆಯೇ ತಲೆ ನರೆಸಿಕೊಂಡ ನನಗೆ ಮಾತ್ರ ಆ ಲೋಹದ ತುಂಡು ಅಂದಿನಿಂದ ಜೇಬಿನಲ್ಲಿ ಚುಚ್ಚುತ್ತಿದೆ.

ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಅದೇ ವರ್ಷ ಕೊಡಗಿನಲ್ಲಿ ಅಜ್ಜಮಾಡ ಬೋಪಯ್ಯ ದೇವಯ್ಯನವರೂ ಹುಟ್ಟಿದರು. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರದು ಕಾಯ್ದಿರಿಸಿದ ವಿಮಾನ, ಹೋಗಲೇಬೇಕೆಂಬ ನಿರ್ಬಂಧವಿರಲಿಲ್ಲ. ಹೋದರು. ತಮ್ಮ ಮಿಸ್ಟೇರ್‌ಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದರು, ಹಿಂದಿರುಗಲಿಲ್ಲ. ನಮ್ಮ ಕಡತದಲ್ಲಿ ಅವರು ಕೇವಲ 'ಕಾಣೆಯಾದವರು'. ನಡೆದದ್ದೇನೆಂದು 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಬರೆಯಬೇಕಾಯಿತು! ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ. ಕಡತ ಹೇಗೆ ಮಲಗುತ್ತದೆಂಬುದನ್ನು ಬಲ್ಲ ನನಗೆ ಈ ವಿಳಂಬ ಅಚ್ಚರಿ ತರಲಿಲ್ಲ, ನಾಚಿಕೆ ತಂದಿತು. 2025ರ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರ ಇದೇ ಸಾಹಸವನ್ನು ತೆರೆಗೆ ತಂದು ನಾಯಕನ ಹೆಸರನ್ನೂ ನೆಲೆಯನ್ನೂ ಬದಲಿಸಿತು. ಕೊಡವರು ಪ್ರತಿಭಟಿಸಿದರು. ಮುಂಬಯಿಯ ನಾವು ಟಿಕೇಟು ಕೊಂಡು ನೋಡಿ ಬಂದೆವು.

ನಾಣ್ಯ ಸಂಸ್ಥೆಯ ಗೌರವಕ್ಕೆ, ವ್ಯಕ್ತಿಗಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರ ವಾದ. ಇರಲಿ. ಆದರೆ ಸಂಸ್ಥೆಯ ಇತಿಹಾಸವೆಂದರೇನು? 1940ರಲ್ಲಿ ಇದೇ ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದರು ವಿಮಾನ ಕಾರ್ಖಾನೆ ಕಟ್ಟಹೊರಟಾಗ ನೆಲವನ್ನೂ ಬಂಡವಾಳವನ್ನೂ ಕೊಟ್ಟು ಬೆಂಗಳೂರಿಗೆ ಕರೆದದ್ದು ಮೈಸೂರು ಸಂಸ್ಥಾನ. 1961ರಲ್ಲಿ ಹಾರಿದ ಮಾರುತ್, 2001ರಲ್ಲಿ ಹಾರಿದ ತೇಜಸ್ ಎರಡೂ ಆ ಆಕಾಶದವೇ. ಹೀಗಿದ್ದೂ ನಮ್ಮ ನಾಣ್ಯದ ಮೇಲೆ ಅಕ್ಷರಗಳು ಹಿಂದಿ ಮತ್ತು ಇಂಗ್ಲಿಷಿನವು. 2006ರಲ್ಲಿ ಬಸವಣ್ಣನವರ ನಾಣ್ಯ ಬಂದಾಗಲೂ ಹಾಗೆಯೇ. ದೇವಭಾಷೆಯನ್ನು ಬದಿಗಿಟ್ಟು ಕನ್ನಡದಲ್ಲಿ ನುಡಿದವರಿಗೆ ಕನ್ನಡದ ಒಂದಕ್ಷರವಿಲ್ಲ. ಅದು ಸಾಧ್ಯವಿಲ್ಲವೆನ್ನುವವರು 2024ರ ಕರುಣಾನಿಧಿಯವರ ನೂರು ರೂಪಾಯಿಯ ನಾಣ್ಯವನ್ನು ನೋಡಲಿ. ಅದರಲ್ಲಿ ತಮಿಳು ಅಚ್ಚಾಗಿದೆ. ಅವರು ಕೇಳಿದರು, ಪಡೆದರು. ನಾವು ಕೇಳಿದೆವೆ?

ಇನ್ನೊಂದು ಮಾತನ್ನೂ ಹೇಳಬೇಕು, ಕಹಿಯಾದರೂ. ದೇವಯ್ಯನವರ ಮನೆಮಾತು ಕೊಡವ ತಕ್ಕ್. ಪದಕ ಬಂದ ದಿನ ಅವರು ನಮಗೆ 'ಹೆಮ್ಮೆಯ ಕನ್ನಡಿಗ'. ಉಳಿದ ದಿನಗಳಲ್ಲಿ ಕೊಡವರ ಭಾಷೆಯ ಅಳಲು ನಮ್ಮ ಕಿವಿಗೆ ಬೀಳುವುದಿಲ್ಲ. ದಿಲ್ಲಿಯ ಮೇಲೆ ನಾವು ಹೊರಿಸುವ ಆರೋಪ ನಮ್ಮ ಮೇಲೂ ಸಲ್ಲುತ್ತದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುವ ಗಣ್ಯರ ಪಟ್ಟಿ ನಮಗೆ ಬಾಯಿಪಾಠ. ಸರ್ಗೋಧಾ ಯಾವ ದಿಕ್ಕಿಗಿದೆ ಎಂದು ನಮ್ಮ ಮಕ್ಕಳನ್ನು ಕೇಳಿ ನೋಡಿ.

2032ರಲ್ಲಿ ವಾಯುಪಡೆಗೆ ನೂರು ತುಂಬುತ್ತದೆ, ದೇವಯ್ಯನವರ ಜನ್ಮಕ್ಕೂ ನೂರು. ಆಗ ನಾಣ್ಯ ಹೊರಡುವುದಾದರೆ ಸಂಗ್ರಾಹಕರ ಪೆಟ್ಟಿಗೆಗೆಂದು ದುಬಾರಿ ಬೆಲೆಗೆ ಮಾರುವ ಬೆಳ್ಳಿಯದು ಬೇಡ. ಬಾಳೆಹಣ್ಣಿನಾಕೆಯ ಕೈಗೂ ಬರುವ ನಾಣ್ಯವಾಗಲಿ, ಅದರಲ್ಲಿ ದೇವಯ್ಯನವರ ಹೆಸರಿರಲಿ. ಈ ಆಶಯದ ಠರಾವನ್ನು ಸಂಘದ ಮುಂದಿನ ಮಹಾಸಭೆಯಲ್ಲಿ ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು.